ಹೂವಿಗಿಂತ ಮೊದಲು ಎಲೆ: ಜೇನು, ಚಿಟ್ಟೆಗಳಿಗೆ ಗಿಡ ಆರಿಸುವ ಬಗೆ

ಎಲ್ಲರಿಗೂ ನಮಸ್ಕಾರ.

ನರ್ಸರಿಗೆ ಹೋಗಿ ‘ಚಿಟ್ಟೆ ಬರುವ ಗಿಡ ಕೊಡಿ’ ಎಂದು ಕೇಳಿ ನೋಡಿ. ಕೈಗೆ ಬರುವುದು ಮೈತುಂಬ ಹೂ ಬಿಟ್ಟ ಒಂದು ಕುಂಡ. ಪೆಂಟಾಸ್ ಇರಬಹುದು, ಗಿಡ್ಡ ತಳಿಯ ಇಕ್ಸೋರ ಇರಬಹುದು. ತಪ್ಪೇನಿಲ್ಲ, ಎರಡಕ್ಕೂ ಚಿಟ್ಟೆ ಬರುತ್ತದೆ. ಬಂದು ಐದು ನಿಮಿಷ ಮಕರಂದ ಹೀರಿ, ಆಚೆ ಮನೆಯವರ ಕರಿಬೇವಿಗೆ ಹೋಗಿ ಮೊಟ್ಟೆ ಇಡುತ್ತದೆ. ಹೂವು ದಾರಿಬದಿಯ ಹೋಟೆಲು. ಬಾಣಂತನಕ್ಕೆ ಹೋಗುವ ತವರುಮನೆ ಎಲೆ. ಹಾಗಾಗಿ ಚಿಟ್ಟೆಗೆಂದು ಗಿಡ ಆರಿಸುವವರು ಹೂವಿನ ಪಟ್ಟಿ ಹಿಡಿಯುವ ಮೊದಲು ಎಲೆಯ ಪಟ್ಟಿ ಹಿಡಿಯಬೇಕು. ಜೇನಿನ ಲೆಕ್ಕ ಬೇರೆ. ಅದಕ್ಕೆ ಬಣ್ಣದ ಪಟ್ಟಿಗಿಂತ ತಿಂಗಳುಗಳ ಪಟ್ಟಿ ಮುಖ್ಯ. ಇವತ್ತಿನ ಮಾತೆಲ್ಲ ಈ ಎರಡರ ಸುತ್ತ. ಬೆಂಗಳೂರು, ತುಮಕೂರು, ಮೈಸೂರಿನ ಕಡೆಯ ಮೂವತ್ತು–ನಲವತ್ತರ ಸೈಟು, ತಾರಸಿ, ಬಾಲ್ಕನಿಗಳನ್ನು ಮನಸ್ಸಿನಲ್ಲಿಟ್ಟುಕೊಂಡು ಹೇಳುತ್ತೇನೆ. ಮಲೆನಾಡು, ಕರಾವಳಿಗೆ ಬೇರೆಯಾಗುವಲ್ಲಿ ಹಾಗೆಂದೇ ಹೇಳುತ್ತೇನೆ.

ಯಾರ ಎಲೆ ಯಾರಿಗೆ

ಹೆಣ್ಣು ಚಿಟ್ಟೆ ಎಲೆಯ ಮೇಲೆ ಕೂತು ಮುಂಗಾಲಿನಿಂದ ಪಟಪಟ ಬಡಿಯುವುದನ್ನು ಗಮನಿಸಿರಬಹುದು. ಕಾಲಿನಲ್ಲೇ ಅದಕ್ಕೆ ರುಚಿ ಗೊತ್ತಾಗುತ್ತದೆ. ತನ್ನ ಮರಿಹುಳು ಅರಗಿಸಿಕೊಳ್ಳಬಲ್ಲ ರಾಸಾಯನಿಕ ಆ ಎಲೆಯಲ್ಲಿದ್ದರೆ ಮಾತ್ರ ಮೊಟ್ಟೆ ಇಡುತ್ತದೆ. ಹೆಚ್ಚಿನ ಚಿಟ್ಟೆಗಳ ಹುಳುಗಳಿಗೆ ಒಗ್ಗುವುದು ಬೆರಳೆಣಿಕೆಯ ಗಿಡಗಳು. ಆ ಗಿಡ ಇಲ್ಲದಿದ್ದರೆ ಉಪವಾಸ ಬಿದ್ದೀತೇ ಹೊರತು ಪಕ್ಕದ ಎಲೆಗೆ ಬಾಯಿ ಹಾಕುವುದಿಲ್ಲ.

ಶುರು ಮಾಡಲು ಎಲ್ಲರಿಗೂ ಸುಲಭವಾದದ್ದು ಕರಿಬೇವು ಮತ್ತು ನಿಂಬೆ. ಕಪ್ಪು ರೆಕ್ಕೆಯ ಕಾಮನ್ ಮಾರ್ಮನ್, ಕಪ್ಪು–ಹಳದಿ ಚುಕ್ಕೆಯ ನಿಂಬೆ ಚಿಟ್ಟೆ ಎರಡೂ ಇವುಗಳ ಮೇಲೆ ಬೆಳೆಯುತ್ತವೆ. ಬಿಲ್ವಪತ್ರೆಯೂ ಆಗುತ್ತದೆ. ಮೊಟ್ಟೆ ಗಸಗಸೆಗಿಂತ ತುಸು ದೊಡ್ಡದು, ದುಂಡಗೆ, ತಿಳಿಹಳದಿ. ಎಳೆಯ ಚಿಗುರಿನ ಮೇಲೆ ಒಂದೊಂದೇ ಇರುತ್ತದೆ. ಹೊರಬಂದ ಹುಳು ಥೇಟ್ ಹಕ್ಕಿಯ ಹಿಕ್ಕೆ. ಕೊನೆಯ ಹಂತದಲ್ಲಿ ಹಸಿರಾಗುತ್ತದೆ. ಮುಟ್ಟಿದರೆ ತಲೆಯ ಹಿಂದಿನಿಂದ ಕವಲೊಡೆದ ಕೊಂಬಿನಂಥದ್ದನ್ನು ಹೊರಚಾಚಿ ಘಾಟು ಬಿಡುತ್ತದೆ. ಹೆದರಬೇಕಿಲ್ಲ, ಚುಚ್ಚುವ ಸಾಧನ ಯಾವುದೂ ಅದರ ಬಳಿ ಇಲ್ಲ. ಮೊಟ್ಟೆಯಿಂದ ಚಿಟ್ಟೆಯಾಗುವವರೆಗೆ ಹೆಚ್ಚುಕಡಿಮೆ ಒಂದು ತಿಂಗಳು.

ಇಲ್ಲಿ ಎಡವುವುದು ಗಿಡದ ಗಾತ್ರದಲ್ಲಿ. ಹುಳು ಜೀವಮಾನದಲ್ಲಿ ತಿನ್ನುವುದರ ಹೆಚ್ಚಿನ ಪಾಲನ್ನು ಕೊನೆಯ ನಾಲ್ಕೈದು ದಿನದಲ್ಲೇ ಮುಗಿಸುತ್ತದೆ. ಒಂದಡಿಯ ಕರಿಬೇವಿನ ಮೇಲೆ ನಾಲ್ಕು ಹುಳು ಇದ್ದರೆ ಕಡ್ಡಿಯಷ್ಟೇ ಉಳಿಯುತ್ತದೆ; ಗಿಡವೂ ಸೊರಗುತ್ತದೆ, ಹುಳುವೂ ಹಸಿವಿನಿಂದ ಸಾಯುತ್ತದೆ. ಅದಕ್ಕೇ ಒಂದರ ಬದಲು ಎರಡು ಗಿಡ ಇಡಿ, ಮೂರಡಿ ದಾಟಿದ್ದನ್ನೇ ತನ್ನಿ. ಕುಂಡವಾದರೆ ಕರಿಬೇವಿಗೆ ಹನ್ನೆರಡು ಇಂಚು, ನಿಂಬೆಗೆ ಹದಿನಾರು ಇಂಚು. ಒಂದು ಗಿಡ ಬೋಳಾದರೆ ಹುಳುಗಳನ್ನು ಕೈಯಿಂದ ಕೀಳಬೇಡಿ; ಅವು ಕೂತ ಕಡ್ಡಿಯನ್ನೇ ಕತ್ತರಿಸಿ ಎರಡನೆಯ ಗಿಡಕ್ಕೆ ಸಿಕ್ಕಿಸಿ, ತಾವೇ ದಾಟಿಕೊಳ್ಳುತ್ತವೆ. ಮೇ ಕೊನೆಯಲ್ಲಿ ತುದಿಗಳನ್ನು ಅರ್ಧ ಅಡಿ ಸವರಿದರೆ ಮಳೆ ಹಿಡಿಯುವ ಹೊತ್ತಿಗೆ ಹೊಸ ಚಿಗುರು ಸಿಗುತ್ತದೆ. ಬಲಿತ ಎಲೆ ಎಷ್ಟಿದ್ದರೂ ಚಿಟ್ಟೆ ಹುಡುಕುವುದು ಚಿಗುರನ್ನೇ. ಅಡುಗೆಗೆ ಕರಿಬೇವು ಸಾಲುವುದಿಲ್ಲ ಎನ್ನುವ ಜಗಳ ಮನೆಯಲ್ಲಿ ಆಗಿಯೇ ಆಗುತ್ತದೆ. ಎರಡು ಗಿಡ ಎಂದದ್ದು ಅದಕ್ಕೂ ಸೇರಿಸಿಯೇ.

ಎರಡನೆಯ ಗುಂಪು ಹಾಲು ಒಸರುವ ಗಿಡಗಳದು. ಕಿತ್ತಳೆ ಬಣ್ಣದ ಪ್ಲೇನ್ ಟೈಗರ್ ಚಿಟ್ಟೆಗೆ ಎಕ್ಕ, ಕಂದು ಬಣ್ಣದ ಕಾಮನ್ ಕ್ರೋ ಚಿಟ್ಟೆಗೆ ಕಣಗಿಲೆ ಮತ್ತು ಅತ್ತಿ–ಆಲದ ಜಾತಿಯ ಮರಗಳು. ಕಣಗಿಲೆಯ ಎಲೆಯಡಿ ಕನ್ನಡಿಯಂತೆ ಹೊಳೆಯುವ ಬೆಳ್ಳಿಯ ಓಲೆ ನೇತಾಡುತ್ತಿದ್ದರೆ ಅದು ಕ್ರೋ ಚಿಟ್ಟೆಯ ಕೋಶ. ಎಕ್ಕಕ್ಕೆ ತಾಯಿಬೇರು ಆಳ, ಕಿತ್ತು ನೆಟ್ಟರೆ ಹಿಡಿಯುವುದು ಕಷ್ಟ; ಒಣಗಿ ಬಿರಿದ ಕಾಯಿಯ ಬೀಜವನ್ನು ಕುಂಡಕ್ಕೇ ನೇರ ಹಾಕಿ, ನೀರು ಕಡಿಮೆ ಕೊಡಿ. ಎಕ್ಕದ ಹೂವಿಗೆ ಒಂಟಿಜೇನಿನ ಜಾತಿಯ ಬಡಗಿ ದುಂಬಿಯೂ ಬರುವುದರಿಂದ ಲಾಭ ಎರಡು. ಇದರೊಂದಿಗೆ ಎಚ್ಚರಿಕೆಯನ್ನೂ ಹೇಳಿಬಿಡಬೇಕು. ಎಕ್ಕದ ಹಾಲು ಕಣ್ಣಿಗೆ ಬಿದ್ದರೆ ಅಪಾಯ, ಕಣಗಿಲೆಯ ಪ್ರತಿ ಭಾಗವೂ ವಿಷ. ಎಲ್ಲವನ್ನೂ ಬಾಯಿಗಿಡುವ ಮಗು ಮನೆಯಲ್ಲಿದ್ದರೆ ಈ ಗುಂಪನ್ನು ಬಿಟ್ಟುಬಿಡಿ. ಎಕ್ಕದ ಚಿಗುರಿಗೆ ಹಳದಿ ಸಸ್ಯಹೇನು ಮುತ್ತುತ್ತದೆ. ಔಷಧಿ ಹೊಡೆದರೆ ಹೇನಿನ ಜೊತೆ ಹುಳುವೂ ಹೋಯಿತು. ನೀರಿನ ಪೈಪಿನಿಂದ ತೊಳೆದರೆ ಸಾಕು.

ಈಶ್ವರಿ ಬಳ್ಳಿಯದು ಇನ್ನೊಂದು ಲೋಕ. ಕೆಂಪು ಮೈಯ ಕ್ರಿಮ್ಸನ್ ರೋಸ್, ಕಾಮನ್ ರೋಸ್ ಚಿಟ್ಟೆಗಳಿಗೆ ಇದೇ ಬಳ್ಳಿ ಬೇಕು. ನಮ್ಮ ರಾಜ್ಯದ ಚಿಟ್ಟೆಯಾದ ಸದರ್ನ್ ಬರ್ಡ್‌ವಿಂಗ್‌ನ ಹುಳು ತಿನ್ನುವುದೂ ಇದೇ ಕುಲದ ಎಲೆಗಳನ್ನು. ಮಲೆನಾಡು, ಕೊಡಗು, ಕರಾವಳಿಯ ತೋಟದವರು ಬರ್ಡ್‌ವಿಂಗ್‌ಗೆ ಆಸೆ ಪಡಬಹುದು. ಬೆಂಗಳೂರಿನ ತಾರಸಿಗೆ ಅದು ಬರುವುದು ಅಪರೂಪ, ರೋಸ್‌ಗಳು ಬಂದಾವು. ಬಳ್ಳಿಗೆ ಅರೆನೆರಳು, ಹತ್ತಲು ಆರಡಿ ಆಸರೆ ಬೇಕು. ಮೊದಲ ವರ್ಷ ಬಳ್ಳಿ ಸಣಕಲು, ಆಗ ಹುಳು ಬಿದ್ದರೆ ಬುಡದವರೆಗೆ ಬೋಳಾಗುತ್ತದೆ. ಬೇರು ಜೀವಂತ ಇರುತ್ತದೆ, ಕಿತ್ತೆಸೆಯಬೇಡಿ, ಮತ್ತೆ ಚಿಗುರುತ್ತದೆ. ನಾಟಿ ಮದ್ದೆಂದು ಈ ಬಳ್ಳಿಯನ್ನು ಕಷಾಯ ಮಾಡುವವರಿದ್ದಾರೆ. ಖಂಡಿತ ಬೇಡ. ಇದರಲ್ಲಿರುವ ಅರಿಸ್ಟೊಲೋಕಿಕ್ ಆಮ್ಲ ಮೂತ್ರಪಿಂಡ ಕೆಡಿಸುತ್ತದೆ, ಕ್ಯಾನ್ಸರ್ ತರುತ್ತದೆ.

ಇನ್ನು ನಿಮ್ಮ ಮನೆಯಲ್ಲಿ ಈಗಾಗಲೇ ಇರಬಹುದಾದವು. ಕಂಬದ ಅಶೋಕ, ಸಂಪಿಗೆ, ಸೀತಾಫಲ ಇದ್ದರೆ ಹಸಿರು ಚುಕ್ಕೆಯ ಟೇಲ್ಡ್ ಜೇ. ಮಾವಿಗೆ ಕಾಮನ್ ಬ್ಯಾರನ್. ಹರಳಿಗೆ ಕಾಮನ್ ಕ್ಯಾಸ್ಟರ್. ಕಕ್ಕೆಗೆ ಎಮಿಗ್ರೆಂಟ್. ಗೋಣಿಸೊಪ್ಪಿನ ಮೇಲೆ ಡನೈಡ್ ಎಗ್‌ಫ್ಲೈ ಮೊಟ್ಟೆ ಇಡುತ್ತದೆ; ಪಲ್ಯಕ್ಕೆ ಕೀಳುವಾಗ ಒಂದು ಹಿಡಿ ಬಿಡಿ. ಗೋರಟೆ, ಅಂದರೆ ಸ್ಫಟಿಕದ ಹೂವಿನ ಗಿಡಕ್ಕೆ ಪ್ಯಾನ್ಸಿ ಚಿಟ್ಟೆಗಳು. ಕಾಡುಬಸಳೆಯ ದಪ್ಪ ಎಲೆಯಲ್ಲಿ ನೀರುಗುಳ್ಳೆಯಂತೆ ಪಾರದರ್ಶಕ ಕಲೆ, ಅದರೊಳಗೆ ಕಪ್ಪು ಹಿಕ್ಕೆ ಕಂಡರೆ ರೋಗವೆಂದು ಕಿತ್ತು ಬಿಸಾಡುತ್ತಾರೆ. ಅದು ರೆಡ್ ಪಿಯರೋ ಚಿಟ್ಟೆಯ ಹುಳು ಎಲೆಯ ಒಳಗೇ ಕೂತು ಉಣ್ಣುತ್ತಿರುವ ಗುರುತು. ಒಂದೇ ಕುಂಡದಲ್ಲಿ ಇಡೀ ಸಂಸಾರ ನೋಡಬೇಕೆಂದರೆ ಇದಕ್ಕಿಂತ ಅಗ್ಗದ ಗಿಡವಿಲ್ಲ. ಒಂದು ಎಲೆ ಮಣ್ಣಿನ ಮೇಲಿಟ್ಟರೆ ಅಂಚಿನಿಂದಲೇ ಮರಿಗಿಡ ಹುಟ್ಟುತ್ತದೆ.

ಎಲೆ, ಹೂವು ಎರಡನ್ನೂ ಕೊಡುವ ಒಂದೇ ಗಿಡ ಬೇಕು ಎನ್ನುವವರಿಗೆ ನನ್ನ ಉತ್ತರ ಆವರಿಕೆ, ಕೆಲವರ ಬಾಯಲ್ಲಿ ತಂಗಡಿ. ನಮ್ಮ ಬಯಲುಸೀಮೆಯದೇ ಗಿಡ, ಬೇಸಿಗೆಗೆ ಜಗ್ಗುವುದಿಲ್ಲ. ಎಲೆಗೆ ಎಮಿಗ್ರೆಂಟ್ ಹುಳು, ಹಳದಿ ಹೂವಿಗೆ ಬಡಗಿ ದುಂಬಿ. ಇಂಥ ಗಿಡ ನರ್ಸರಿಯಲ್ಲಿ ಸಿಗದೆ ಹೆದ್ದಾರಿಯ ಪಕ್ಕ ಸಿಗುತ್ತದೆ ಎನ್ನುವುದೇ ಬೇಜಾರು. ಕಾಯಿ ಒಣಗಿದಾಗ ಬೀಜ ತಂದು, ಬಿಸಿನೀರಿನಲ್ಲಿ ಒಂದು ರಾತ್ರಿ ನೆನೆಸಿ ಹಾಕಿ.

ಹೂವಿನ ಆಕಾರ, ಹೂವಿನ ಮೋಸ

ಚಿಟ್ಟೆಗೆ ಕೂರಲು ಜಾಗ, ಕೊಳವೆಯ ತಳದಲ್ಲಿ ಮಕರಂದ, ಇವೆರಡೂ ಇರಬೇಕು. ಇಕ್ಸೋರ ಅಂದರೆ ನಮ್ಮ ಕೇಪಳ, ಪೆಂಟಾಸ್, ರಥಪುಷ್ಪ ಇವು ಸರಿಯಾಗಿ ಹೊಂದುತ್ತವೆ. ಕೆಂಪು ಬಣ್ಣ ಬಹಳ ಚಿಟ್ಟೆಗಳಿಗೆ ಕಾಣುತ್ತದೆ. ಜೇನಿಗೆ ಕೆಂಪು ಬಣ್ಣವಾಗಿ ಕಾಣುವುದಿಲ್ಲ. ನೀಲಿ, ನೇರಳೆ, ಹಳದಿ ಮತ್ತು ನಮ್ಮ ಕಣ್ಣಿಗೆ ನಿಲುಕದ ಅತಿನೇರಳೆ ಕಾಣುತ್ತವೆ. ಸಣ್ಣ ನಾಲಿಗೆಯ ಜೇನಿಗೆ ತೆರೆದ ಚಿಕ್ಕ ಹೂವು ಬೇಕು. ತುಳಸಿ, ಕಾಮಕಸ್ತೂರಿ, ತುಂಬೆ, ಕೊತ್ತಂಬರಿ, ಸಬ್ಬಸಿಗೆ, ಸಾಸಿವೆ ಎಲ್ಲ ಈ ಬಗೆಯವು.

ಮೋಸ ಹೋಗುವುದು ಮುದ್ದೆ ಹೂವಿನಲ್ಲಿ. ಸುತ್ತು ಸುತ್ತು ಎಸಳಿನ ದಾಸವಾಳ, ಗುಲಾಬಿ, ಕರ್ಣಕುಂಡಲ ಇವುಗಳಲ್ಲಿ ಕೇಸರಗಳೇ ಎಸಳಾಗಿ ಮಾರ್ಪಟ್ಟಿರುತ್ತವೆ. ಪರಾಗ ಇಲ್ಲ ಅಥವಾ ಅತ್ಯಲ್ಪ, ಮಕರಂದವಿದ್ದರೂ ದಾರಿ ಮುಚ್ಚಿದೆ. ಚೆಂಡುಹೂವಿನಲ್ಲೂ ಹಾರಕ್ಕೆ ಬೆಳೆಯುವ ದಪ್ಪ ತಳಿ ಬೇಡ, ನಡುವಿನ ಹಳದಿ ಬೊಟ್ಟು ಕಾಣುವ ಒಂಟಿ ಸುತ್ತಿನದು ಬೇಕು. ಜಿನ್ನಿಯಾ, ಕಾಸ್ಮಾಸ್‌ಗೂ ಇದೇ ಮಾತು. ಸೂರ್ಯಕಾಂತಿ ಬೀಜ ಕೊಳ್ಳುವಾಗ ಪೊಟ್ಟಣ ಓದಿ. ಹೂದಾನಿಗೆಂದು ಬೆಳೆಸಿದ ಕೆಲವು ತಳಿಗಳಲ್ಲಿ ಪರಾಗವೇ ಇರುವುದಿಲ್ಲ.

ಇನ್ನು ಲಂಟಾನ. ಚಿಟ್ಟೆ ಬರುತ್ತದೆ, ಬಹಳವೇ ಬರುತ್ತದೆ. ಆದರೂ ನೆಡಬೇಡಿ. ಹತ್ತೊಂಬತ್ತನೆಯ ಶತಮಾನದ ಆರಂಭದಲ್ಲಿ ಅಲಂಕಾರಕ್ಕೆಂದು ಈ ದೇಶಕ್ಕೆ ತಂದ ಗಿಡ ಇದು. ಇವತ್ತು ಬಂಡೀಪುರ, ಬಿಳಿಗಿರಿರಂಗನ ಬೆಟ್ಟ, ಮಲೆ ಮಹದೇಶ್ವರ ಬೆಟ್ಟದ ಕಾಡಿನ ನೆಲವನ್ನೇ ನುಂಗಿ ಕೂತಿದೆ. ಅದರ ಕಡ್ಡಿಯಿಂದ ಸೋಲಿಗರು ಕುರ್ಚಿ, ಬುಟ್ಟಿ ಮಾಡುತ್ತಾರೆ, ಆದರೆ ಕಡಿದಷ್ಟಕ್ಕೂ ಚಿಗುರುತ್ತದೆ. ಹಣ್ಣನ್ನು ಹಕ್ಕಿ ಎಲ್ಲಿಗೆ ಒಯ್ಯುತ್ತದೆಂದು ನಿಮ್ಮ ಕಾಂಪೌಂಡು ನಿರ್ಧರಿಸಲಾರದು. ನೀರುಕಾಯಿ ಮರವೂ ಬೇಡ. ಅದರ ಬಟ್ಟಲಿನಂಥ ಕೆಂಪು ಹೂವಿನೊಳಗೆ ಸಣ್ಣ ಜೇನುಗಳು ಸತ್ತು ಬಿದ್ದಿರುವುದು ಹಲವು ದೇಶಗಳಲ್ಲಿ ದಾಖಲಾಗಿದೆ.

ಹೂವೂ ಅಲ್ಲ, ತಿನ್ನುವ ಎಲೆಯೂ ಅಲ್ಲ ಎನ್ನುವ ಒಂದು ವಿಚಿತ್ರ ಗಿಡವಿದೆ. ಒಣ ಕಾಯಿ ಅಲ್ಲಾಡಿಸಿದರೆ ಗಿಲಕಿಯ ಸದ್ದು ಬರುವ ಗಿಜಿಗಿಜಿ ಗಿಡ, ಸಸ್ಯಶಾಸ್ತ್ರದವರ ಕ್ರೊಟಲೇರಿಯಾ. ಟೈಗರ್, ಕ್ರೋ ಜಾತಿಯ ಗಂಡು ಚಿಟ್ಟೆಗಳು ಇದರ ಒಣಗಿದ ಕಾಂಡ, ಗಾಯಗೊಂಡ ಎಲೆಯ ಮೇಲೆ ಗುಂಪಾಗಿ ಕೂತು ರಸ ಹೀರುತ್ತವೆ. ಅದರಲ್ಲಿನ ಆಲ್ಕಲಾಯ್ಡ್ ಎಂಬ ರಾಸಾಯನಿಕದಿಂದ ಹೆಣ್ಣನ್ನು ಸೆಳೆಯುವ ವಾಸನೆ ತಯಾರಿಸಿಕೊಳ್ಳುತ್ತವೆ. ಪಶ್ಚಿಮ ಘಟ್ಟಕ್ಕೂ ಪೂರ್ವದ ಬಯಲಿಗೂ ನಡುವೆ ಈ ಚಿಟ್ಟೆಗಳು ಮಳೆಗಾಲದ ಹಿಂದುಮುಂದು ವಲಸೆ ಹೋಗುತ್ತವೆ. ಆ ದಿನಗಳಲ್ಲಿ ಒಂದು ಗಿಡವಿದ್ದರೆ ಹತ್ತಾರು ಚಿಟ್ಟೆ ಇಳಿಯಬಹುದು. ಗಿಡ ಒಣಗಿತೆಂದು ಕೀಳಬೇಡಿ, ಅವಕ್ಕೆ ಬೇಕಾದದ್ದು ಒಣಗಿದ್ದೇ.

ಜೇನಿನ ಪಂಚಾಂಗ

ಪೆಟ್ಟಿಗೆಯಲ್ಲಿ ಸಾಕುವ ತುಡುವೆ, ಹೆಜ್ಜೇನು, ಕೋಲುಜೇನು, ಚುಚ್ಚಲಾರದ ಪುಟ್ಟ ಮುಜಂಟಿ, ಈ ನಾಲ್ಕು ಜೇನು ಎಲ್ಲರಿಗೂ ಗೊತ್ತು. ಇವಲ್ಲದೆ ಒಂಟಿಯಾಗಿ ಬದುಕುವವು ಬೇಕಾದಷ್ಟಿವೆ: ಹೊಟ್ಟೆಯ ಮೇಲೆ ನೀಲಿ ಪಟ್ಟೆಯ ಜೇನು, ಗುಲಾಬಿ ಎಲೆಯಿಂದ ದುಂಡಗೆ ತುಂಡು ಕತ್ತರಿಸಿ ಒಯ್ಯುವ ಎಲೆಕತ್ತರಿ ಜೇನು, ಬಡಗಿ ದುಂಬಿ. ಟೊಮ್ಯಾಟೊ, ಬದನೆಯ ಪರಾಗ ಕೇಸರದ ತುದಿಯ ಸಣ್ಣ ರಂಧ್ರದಿಂದ ಉದುರಬೇಕು. ಅದಕ್ಕೆ ಹೂವನ್ನು ಹಿಡಿದು ಝೇಂಕರಿಸಿ ನಡುಗಿಸಬೇಕು. ತುಡುವೆಗೆ ಆ ವಿದ್ಯೆ ಬರುವುದಿಲ್ಲ. ನೀಲಿಪಟ್ಟೆಗೆ, ಬಡಗಿ ದುಂಬಿಗೆ ಬರುತ್ತದೆ. ಪ್ಯಾಷನ್ ಫ್ರೂಟ್ ಹೂ ಬಿಟ್ಟು ಕಾಯಿ ಕಚ್ಚುತ್ತಿಲ್ಲ ಎನ್ನುವವರು ಮೊದಲು ನೋಡಬೇಕಾದದ್ದು ಬಡಗಿ ದುಂಬಿ ಬರುತ್ತಿದೆಯೇ ಎಂದು.

ಮುಜಂಟಿ ಗೂಡಿನಿಂದ ಹಾರುವುದು ಹೆಚ್ಚೆಂದರೆ ಅರ್ಧ ಕಿಲೋಮೀಟರು, ತುಡುವೆ ಒಂದು–ಒಂದೂವರೆ ಕಿಲೋಮೀಟರು. ಆ ಸುತ್ತಳತೆಯಲ್ಲಿ ವರ್ಷದ ಯಾವ ತಿಂಗಳೂ ಖಾಲಿ ಇರಬಾರದು. ಬೇಸಿಗೆಯ ಚಿಂತೆ ಬೇಡ. ಯುಗಾದಿಯ ಬೇವು–ಬೆಲ್ಲಕ್ಕೆ ಹೂ ಸಿಗುವ ಹೊತ್ತಿಗೆ ಬೇವು, ಹೊಂಗೆ, ನೇರಳೆ ಹೂವಿಗೆ ಬಂದಿರುತ್ತವೆ. ಬೀದಿಯ ಮರಗಳೇ ಸಾಕುತ್ತವೆ. ಸೆಪ್ಟೆಂಬರಿನಿಂದ ನವೆಂಬರ್ ಸುಗ್ಗಿ: ಹುಚ್ಚೆಳ್ಳು, ತುಂಬೆ, ಕಾಸ್ಮಾಸ್, ಮಲೆನಾಡಿನಲ್ಲಿ ಅಂಟುವಾಳ. ಬರ ಬೀಳುವುದು ಜೂನ್, ಜುಲೈ, ಆಗಸ್ಟ್‌ನಲ್ಲಿ. ಮಳೆ ಮಕರಂದ ತೊಳೆಯುತ್ತದೆ, ಹೊರಗೆ ಹೋಗುವ ಗಂಟೆಗಳೂ ಕಡಿಮೆ. ನಿಮ್ಮ ತೋಟ ಜೇನಿಗೆ ನಿಜಕ್ಕೂ ಉಪಕಾರ ಮಾಡುವುದು ಈ ಮೂರು ತಿಂಗಳಲ್ಲಿ. ಏಪ್ರಿಲ್ ಕೊನೆಗೆ ಕಾಮಕಸ್ತೂರಿ ಬೀಜ ಹಾಕಿ, ಎರಡು ತಿಂಗಳೊಳಗೆ ತೆನೆ ಬಿಡುತ್ತದೆ. ಮೂರು ವಾರಕ್ಕೊಮ್ಮೆ ಇನ್ನೊಂದು ಸರದಿ. ಬಾಗಿದ ತೆನೆಯ ಹೂವಿಗೆ ಮಳೆ ನೇರ ಬಡಿಯದಂತೆ ಸೂರಿನಂಚಿನಲ್ಲಿಡಿ. ಖಾಲಿ ಸೈಟಿನ ನಾಚಿಕೆಮುಳ್ಳು ಈ ಕಾಲದ ಪರಾಗದ ಉಗ್ರಾಣ, ಕಾಲಿಗೆ ಚುಚ್ಚದ ಮೂಲೆಯಲ್ಲಿದ್ದರೆ ಇರಲಿ ಬಿಡಿ. ಜುಲೈಯಲ್ಲಿ ಎರಡು ಚಮಚ ಹುಚ್ಚೆಳ್ಳನ್ನು ಅಗಲ ಕುಂಡಗಳಲ್ಲಿ ಚೆಲ್ಲಿದರೆ ಸೆಪ್ಟೆಂಬರಿಗೆ ಹಳದಿ ಹೂ. ಬೀಜ ಕಿರಾಣಿ ಅಂಗಡಿಯಲ್ಲೇ ಸಿಗುತ್ತದೆ.

ತುಳಸಿಯ ತೆನೆ ಚಿವುಟದಿದ್ದರೆ ಗಿಡ ಬೇಗ ಮುದಿಯಾಗುತ್ತದೆ ಎನ್ನುವ ಮಾತು ಸರಿ. ಅದಕ್ಕೊಂದು ಒಪ್ಪಂದ ಇದೆ. ಒಂದೇ ದಿನ ಎಲ್ಲ ಚಿವುಟಬೇಡಿ. ಅರ್ಧ ಈಗ, ಉಳಿದರ್ಧ ಎರಡು ವಾರ ಬಿಟ್ಟು. ಗಿಡಕ್ಕೂ ವಿಶ್ರಾಂತಿ, ಜೇನಿಗೂ ಊಟ.

ನಾಲ್ಕಡಿ ಅಗಲ, ಹತ್ತಡಿ ಉದ್ದದ ಪಾತಿ

ಜೇನು ಒಂದು ಸುತ್ತಿಗೆ ಹೊರಟರೆ ಒಂದೇ ಜಾತಿಯ ಹೂವನ್ನೇ ಹುಡುಕುತ್ತದೆ. ಹತ್ತು ಜಾತಿಯ ಒಂದೊಂದು ಗಿಡ ನಮ್ಮ ಕಣ್ಣಿಗೆ ಚೆಂದ, ಅದಕ್ಕೆ ಅಲೆದಾಟ. ಆದ್ದರಿಂದ ಗುಂಪಾಗಿ ನೆಡಿ. ಹಿಂದಿನ ಸಾಲಿಗೆ ಮೂರಡಿಗೊಂದರಂತೆ ಕರಿಬೇವು, ನಿಂಬೆ, ಆವರಿಕೆ, ಐದಡಿಗೆ ಸವರುತ್ತಿರಿ. ನಡುವೆ ಒಂದೂವರೆ ಅಡಿ ಅಂತರದಲ್ಲಿ ಐದಾರು ಪೆಂಟಾಸ್, ಒಂದೇ ಬಣ್ಣದ್ದು. ಮುಂದೆ ಅಡಿಗೊಂದರಂತೆ ಆರು ಕಾಮಕಸ್ತೂರಿ, ಅದರ ಪಕ್ಕ ಎರಡಡಿ ತುಂಬೆ. ಉಳಿದ ಎರಡಡಿಯನ್ನು ಬರಿಯ ಮಣ್ಣಾಗಿ ಬಿಡಿ, ಹೊದಿಕೆ ಹಾಸಬೇಡಿ, ಅಗೆಯಬೇಡಿ. ನೀಲಿಪಟ್ಟೆ ಜೇನು ಗೂಡು ತೋಡುವುದು ಅಂಥ ಮಣ್ಣಿನಲ್ಲೇ.

ದಿನಕ್ಕೆ ಐದಾರು ಗಂಟೆ ಬಿಸಿಲು ಬೇಕು. ಕುಂಡದ ಮಿಶ್ರಣಕ್ಕೆ ಎರಡು ಪಾಲು ಕೆಮ್ಮಣ್ಣು, ಒಂದು ಪಾಲು ಕೊಟ್ಟಿಗೆ ಗೊಬ್ಬರ ಅಥವಾ ಎರೆಗೊಬ್ಬರ, ಒಂದು ಪಾಲು ತೆಂಗಿನ ನಾರಿನ ಪುಡಿ. ಗೊಬ್ಬರ ಹೆಚ್ಚಿದರೆ ಕಾಸ್ಮಾಸ್ ಆಳೆತ್ತರ ಬೆಳೆದು ಹೂವಿಗೆ ಜಿಪುಣತನ ಮಾಡುತ್ತದೆ. ಯೂರಿಯ ಹಾಕಿದಿರೋ, ರಸಭರಿತ ಚಿಗುರಿಗೆ ಹೇನಿನ ದಂಡೇ ಇಳಿಯುತ್ತದೆ.

ಎಲ್ಲ ಸರಿಯಿದ್ದೂ ಹುಳುಗಳು ಒಂದೊಂದಾಗಿ ಕಪ್ಪಾಗಿ ಜೋತುಬಿದ್ದು ಸತ್ತರೆ ಮೊದಲು ಅನುಮಾನ ಪಡಬೇಕಾದದ್ದು ಹೊಸದಾಗಿ ತಂದ ಗಿಡವನ್ನು. ಇಮಿಡಾಕ್ಲೋಪ್ರಿಡ್, ಥಯಾಮೆಥಾಕ್ಸಾಮ್‌ನಂಥ ಔಷಧಿ ಎಲೆಯ ಮೇಲೆ ಕೂರುವುದಿಲ್ಲ. ಗಿಡದ ರಸಕ್ಕೇ ಸೇರಿ ಎಲೆ, ಪರಾಗ, ಮಕರಂದ ಎಲ್ಲದಕ್ಕೂ ಹೋಗುತ್ತದೆ. ತೊಳೆದರೆ ಹೋಗದು. ನರ್ಸರಿಯವರನ್ನು ಕೇಳಿಯೇ ತನ್ನಿ. ಗೊತ್ತಿಲ್ಲ ಎಂದರೆ ಹಲವು ತಿಂಗಳು ಸೊಳ್ಳೆಪರದೆ ಮುಚ್ಚಿ ಬೇರೆಯಾಗಿಡಿ, ಹೂ ಚಿವುಟುತ್ತಿರಿ. ಬೀಜದಿಂದ, ಕಡ್ಡಿಯಿಂದ ಬೆಳೆಸಿಕೊಂಡರೆ ಈ ತಲೆನೋವೇ ಇಲ್ಲ. ಸಾವಯವ ಎಂಬ ಚೀಟಿ ನೋಡಿ ನಂಬಬೇಡಿ. ಬಿಟಿ ಎಂಬ ಬ್ಯಾಕ್ಟೀರಿಯಾದ ದ್ರಾವಣ ಇರುವುದೇ ಮರಿಹುಳು ಕೊಲ್ಲಲು, ಬೇವಿನೆಣ್ಣೆ ಹುಳುವಿನ ಊಟ ಬಿಡಿಸುತ್ತದೆ. ಬಿಳಿ ತಿಗಣೆ ಹೆಚ್ಚಾದ ಗಿಡವೊಂದಕ್ಕೆ ಮಾತ್ರ ಲೀಟರು ನೀರಿಗೆ ಐದು ಮಿಲಿಲೀಟರು ಸೋಪಿನ ದ್ರಾವಣ ಬೆರೆಸಿ ಬಟ್ಟೆಯಿಂದ ಒರೆಸಿ, ಅದೂ ಸೂರ್ಯ ಮುಳುಗಿದ ಮೇಲೆ.

ನೀರಿಗೆ ಎರಡು ತಟ್ಟೆ. ಒಂದರಲ್ಲಿ ಬೆಣಚುಕಲ್ಲು ತುಂಬಿ, ಕಲ್ಲಿನ ತಲೆ ಮುಳುಗದಷ್ಟು ನೀರು; ಜೇನು ಕಲ್ಲಿನ ಮೇಲೆ ಕೂತು ಕುಡಿಯುತ್ತದೆ, ಬೇಸಿಗೆಯಲ್ಲಿ ಗೂಡು ತಂಪು ಮಾಡಲು ಒಯ್ಯುತ್ತದೆ. ಇನ್ನೊಂದರಲ್ಲಿ ಮರಳು–ಮಣ್ಣು ಕಲಸಿ, ಒಂದು ಚಿಟಿಕೆ ಉಪ್ಪು ಹಾಕಿ ಸದಾ ಒದ್ದೆಯಾಗಿಡಿ. ಗಂಡು ಚಿಟ್ಟೆಗಳು ಲವಣಕ್ಕೆ ಬರುತ್ತವೆ. ನೀರನ್ನು ವಾರಕ್ಕೆ ಎರಡು ಸಲ ಚೆಲ್ಲಿ ಬದಲಿಸದಿದ್ದರೆ ಸೊಳ್ಳೆ ಸಾಕಿದಂತೆ. ಒಂದು ಕಡೆ ಗೆಣ್ಣು ಮುಚ್ಚಿದ, ಅರ್ಧ ಅಡಿಯ ಬಿದಿರಿನ ತುಂಡುಗಳನ್ನು ಕಟ್ಟು ಕಟ್ಟಿ ಸೂರಿನಡಿ ಪೂರ್ವಕ್ಕೆ ಮುಖಮಾಡಿ ಅಡ್ಡಲಾಗಿಡಿ. ತೂತು ನಾಲ್ಕರಿಂದ ಹತ್ತು ಮಿಲಿಮೀಟರು. ಎರಡು ವರ್ಷಕ್ಕೊಮ್ಮೆ ತುಂಡು ಬದಲಿಸದಿದ್ದರೆ ನುಸಿ ಸೇರುತ್ತದೆ.

ಕೇಳಿಬಂದ ಪ್ರಶ್ನೆಗಳು

ಹೂಗಿಡ ಹೆಚ್ಚಿದರೆ ಹೆಜ್ಜೇನು ಬಾಲ್ಕನಿಗೆ ಗೂಡು ಕಟ್ಟೀತೇ? ಗೂಡಿಗೆ ಅದು ಆರಿಸುವುದು ಎತ್ತರವನ್ನು: ನೀರಿನ ಟ್ಯಾಂಕು, ದೊಡ್ಡ ಮರ, ಮೇಲಿನ ಮಹಡಿಯ ಸಜ್ಜ. ಹೂವಿಗೂ ಅದಕ್ಕೂ ಸಂಬಂಧವಿಲ್ಲ. ಹೂವಿನ ಮೇಲೆ ಕೂತ ಜೇನು ತಾನಾಗಿ ಚುಚ್ಚುವುದಿಲ್ಲ, ಹಿಸುಕಿದರೆ ಚುಚ್ಚುತ್ತದೆ. ಗೋಡೆಯ ಬಿರುಕಿನಿಂದ ಮೇಣದ ಕೊಳವೆ ಚಾಚಿಕೊಂಡಿದ್ದರೆ ಅದು ಮುಜಂಟಿಯ ಬಾಗಿಲು. ಚುಚ್ಚಲಾರದ ಜೇನು, ಸಿಮೆಂಟು ಮೆತ್ತಬೇಡಿ.

ಕಂಬಳಿಹುಳು ಮೈಗೆ ತಾಗಿ ತುರಿಸುವುದಿಲ್ಲವೇ? ನುಗ್ಗೆ ಮರದಲ್ಲಿ ಗುಂಪುಗಟ್ಟುವ ರೋಮದ ಹುಳು ತುರಿಸುತ್ತದೆ, ಅದು ಪತಂಗದ್ದು. ಇವತ್ತು ಹೆಸರಿಸಿದ ಕರಿಬೇವು, ನಿಂಬೆ, ಎಕ್ಕದ ಹುಳುಗಳಿಗೆ ರೋಮವೇ ಇಲ್ಲ.

ಕೋಶ ಬಾಗಿಲ ಚೌಕಟ್ಟಿಗೇ ಅಂಟಿಕೊಂಡಿದೆ, ಏನು ಮಾಡುವುದು? ಹುಳು ಕೋಶ ಕಟ್ಟುವ ಮೊದಲು ಗಿಡ ಬಿಟ್ಟು ಗೋಡೆ, ಕುಂಡದಂಚಿಗೆ ಹೋಗುವುದುಂಟು. ಕೀಳಬೇಡಿ, ಹತ್ತು–ಹನ್ನೆರಡು ದಿನ ಬಿಡಿ. ಪಕ್ಕದಲ್ಲಿ ಸೂಜಿಯಷ್ಟು ತೂತು ಕಂಡರೆ ಪರಾವಲಂಬಿ ಕಣಜ ಒಳಗಿನದನ್ನು ಮುಗಿಸಿದೆ ಎಂದರ್ಥ. ಕೋಶ ಕಪ್ಪಾಗಿ, ರೆಕ್ಕೆಯ ಗೆರೆಗಳು ಹೊರಗೇ ಕಾಣತೊಡಗಿದರೆ ಸಾಮಾನ್ಯವಾಗಿ ಮರುದಿನ ಬೆಳಗ್ಗೆ ಚಿಟ್ಟೆ ಹೊರಬರುತ್ತದೆ. ರೆಕ್ಕೆ ಬಿಚ್ಚಿ ಒಣಗಲು ಗಂಟೆ, ಎರಡು ಗಂಟೆ ಹಿಡಿಯುತ್ತದೆ. ಅಷ್ಟು ಹೊತ್ತು ಆ ಬಾಗಿಲನ್ನು ಜೋರಾಗಿ ಹಾಕಬೇಡಿ.